ನಮ್ಮನೆ ಗೋಡೆ ಮೇಲಿನ ಗಪಟಂ

ಬಿಂಡಿಗನವಿಲೆಯ ನಮ್ಮ ತಾತನ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲಿ ಒಂದು ಸಮುದ್ರ ನೇತಾಡುತ್ತಿತ್ತು. ಅದನ್ನು ಸಮುದ್ರ ಅಂದವರ ಗತಿ ಮಾತ್ರ ಕೇಳಬೇಡಿ. ನಮ್ಮಜ್ಜಿ ಅಂಥವರಿಗೆ ಕಾಫಿ ಕೊಡುವುದಿರಲಿ, ಕೂರೋಕೆ ಚಾಪೆಯನ್ನೂ ಹಾಕುತ್ತಿರಲಿಲ್ಲ. ಅವಳ ಪ್ರಕಾರ ಅದು ಕಾವೇರಿ. ದಡದಲ್ಲಿರುವ ಊರು ಅವಳ ತವರು ಶ್ರೀರಂಗಪಟ್ಟಣ, ನಮ್ಮ ಕಡೆಯವರ ಬಾಯಲ್ಲಿ ಬರೀ ಪಟ್ಣ. ಶುಕ್ರವಾರ ಲಕ್ಷ್ಮಿ, ಸರಸ್ವತಿಗೆ ಕುಂಕುಮ ಇಟ್ಟ ಬೆರಳಲ್ಲೇ ಅದರ ಗಾಜಿಗೂ ಒಂದು ಬೊಟ್ಟು ಒತ್ತುತ್ತಿದ್ದಳು.

ಯಾರೋ ಬಿಳಿಯ, ಹೊತ್ತು ಹೋಗದೆ ಕೂತು, ನೀರುಬಣ್ಣದಲ್ಲಿ ಬರೆದ ಚಿತ್ರ ಅದು. ಒಂದು ಮೊಳ ಅಗಲ ಇದ್ದಿರಬಹುದು. ಎಡಗಡೆ ಒಂದು ಗುಡ್ಡ, ಗುಡ್ಡದ ಬುಡಕ್ಕೆ ಸುಣ್ಣ ಬಳಿದ ಮನೆಗಳು, ಒಂದು ಚೂಪು ಗೋಪುರ, ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ಉಳಿದದ್ದೆಲ್ಲ ನೀರು. ಆಚೆ ದಡ ಅನ್ನೋದೇ ಇಲ್ಲ. ನೀರಿನ ನಡುವೆ ಉದ್ದುದ್ದ ಕಂಬ ನೆಟ್ಟು ಹಗ್ಗ ಬಿಗಿದ ಎರಡು ಹಡಗು. ಕಣ್ಣಿದ್ದವರು ಯಾರು ನೋಡಿದರೂ ಸಮುದ್ರ ಅನ್ನಬೇಕು. ಅಜ್ಜಿ ಅನ್ನುತ್ತಿರಲಿಲ್ಲ. ಗುಡ್ಡ ಕರಿಘಟ್ಟ, ಗೋಪುರ ರಂಗನಾಥನದು. ಹಡಗು ಹಡಗಲ್ಲ, ನೆರೆಯಲ್ಲಿ ಮುಳುಗಿದ ತೋಪಿನ ಮರಗಳು. ಗೋಪುರದ ತುದಿಯಲ್ಲಿ ಶಿಲುಬೆ ಇದೆಯಲ್ಲಜ್ಜಿ ಅಂತ ನಾನೊಮ್ಮೆ ಬಾಯಿ ಹಾಕಿದೆ. ಅದು ಕಾಗೆ ಕೂತಿರೋದು ಅಂದಳು. ಅಷ್ಟು ಹೇಳಿ ರಾಗಿ ಬೀಸೋಕೆ ಕೂತಳು.

ನಾವು ಆಚಾರಿಗಳು. ತಾತ ಬಿಂಡಿಗನವಿಲೆಯಲ್ಲಿ ನೇಗಿಲು, ಗಾಡಿಚಕ್ರ ಮಾಡುತ್ತಿದ್ದ. ಟ್ರಾಕ್ಟರು ಬಂದಮೇಲೆ ಬಾಗಿಲು, ಮಂಚಕ್ಕೆ ಇಳಿದ. ಅಜ್ಜಿಯ ಅಪ್ಪನೂ ಪಟ್ಣದಲ್ಲಿ ಮರಗೆಲಸದವನೇ. ಬಂಗಲೆ ಖಾಲಿ ಮಾಡುತ್ತಿದ್ದ ಯಾವನೋ ದೊರೆ ಈ ಚಿತ್ರದ ಕಟ್ಟು ಸಡಿಲ ಆಗಿದೆ, ಬಿಗಿ ಮಾಡು ಅಂತ ಅವನ ಕೈಗೆ ಕೊಟ್ಟು, ಆಮೇಲೆ ಹಡಗು ಹತ್ತಿ ಹೋಗಿಬಿಟ್ಟನಂತೆ. ಕಟ್ಟು ಬೀಟೆ ಮರದ್ದು. ಮುತ್ತಾತ ಚಿತ್ರಕ್ಕಲ್ಲ, ಬೀಟೆಗೆ ಆಸೆಪಟ್ಟು ಇಟ್ಟುಕೊಂಡ ಅನ್ನೋದು ನನ್ನ ಅಂದಾಜು. ಮಗಳ ಮದುವೆಯಲ್ಲಿ ಹಂಡೆ, ಕೊಳಗದ ಜೊತೆ ಅದನ್ನೂ ಕಳಿಸಿಕೊಟ್ಟ. ಹಂಡೆ ತೂತಾಯಿತು, ಕೊಳಗ ಕಳೆಯಿತು. ಊರು ಮಾತ್ರ ಗೋಡೆ ಮೇಲೆ ಉಳಿಯಿತು.

ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಊರಿನ ಹೆಸರು, ಪಕ್ಕದಲ್ಲಿ ಹದಿನೆಂಟುನೂರ ಚಿಲ್ಲರೆ ಅಂತ ಒಂದು ಇಸವಿ. ಗೆದ್ದಲಿಗೆ ಓದೋ ಚಟ ಇತ್ತೋ ಏನೋ, ಹೆಸರಿನ ಮೊದಲರ್ಧವನ್ನು ತಿಂದುಹಾಕಿತ್ತು. ಉಳಿದದ್ದು ‘ಗಪಟಂ’ ಅಷ್ಟೇ. ಅಜ್ಜಿ ಹೊಸದಾಗಿ ಬಂದ ಕಾಲದಲ್ಲಿ ಊರಿನ ಮೇಷ್ಟ್ರೊಬ್ಬರು ಅದನ್ನು ಓದಿ, ಇಂಗ್ಲಿಷಿನವರು ಶ್ರೀರಂಗಪಟ್ಟಣಕ್ಕೆ ಸೆರಿಂಗಪಟಂ ಅಂತಿದ್ದರು, ಇದು ಅದೇ ಅಂತ ತೀರ್ಪು ಕೊಟ್ಟುಬಿಟ್ಟರು. ಮುಗಿಯಿತು. ಅವತ್ತಿನಿಂದ ಅಜ್ಜಿ ಯಾರ ಮಾತನ್ನೂ ಕೇಳಲಿಲ್ಲ. ನಾನು ಓದಿ ಟೀಚರಾಗಿ, ಪಾಂಡವಪುರದ ಕಡೆ ಕೆಲಸ ಸಿಕ್ಕಿ, ಚಿನಕುರಳಿಯಲ್ಲಿ ರೂಮು ಮಾಡಿಕೊಂಡಿದ್ದೆ. ಒಂದು ದಿನ ಮಕ್ಕಳಿಗೆ ಸಮಾಜ ಪಾಠ ಹೇಳುವಾಗ ಇಂಗ್ಲಿಷಿನವರ ಕಾಲದ ಹಳೇ ಭೂಪಟವೊಂದನ್ನು ಹರಡಿಕೊಂಡು ಕೂತಿದ್ದೆ. ವಿಶಾಖಪಟ್ಟಣಕ್ಕೆ ವಿಜಗಪಟಂ, ನಾಗಪಟ್ಟಣಕ್ಕೆ ನೆಗಪಟಂ! ಎರಡೂ ಸಮುದ್ರದ ಊರು, ಎರಡರ ಬಾಲದಲ್ಲೂ ಗಪಟಂ. ಒಬ್ಬಳೇ ನಕ್ಕೆ. ಮಕ್ಕಳು ಟೀಚರಿಗೆ ಏನೋ ಆಯಿತು ಅಂದುಕೊಂಡವು.

ಮೇಷ್ಟ್ರ ತೀರ್ಪನ್ನು ಒಪ್ಪದವನು ಮನೆಯಲ್ಲಿ ಒಬ್ಬನೇ, ತಾತ. ಅವನಿಗೆ ಓದು ಬರಹ ಇಲ್ಲ. ಆದರೆ ಮರ ಗೊತ್ತು. ಮರಕ್ಕೆ ರೆಂಬೆ ಇರ್ತದೆ ಕಣಮ್ಮಿ, ಹಗ್ಗ ಇರಾಕಿಲ್ಲ ಅನ್ನುತ್ತಿದ್ದ. ಚಿತ್ರಕ್ಕೆ ‘ಗಪಟಂ’ ಅಂತಲೇ ಹೆಸರಿಟ್ಟ. ಅಜ್ಜಿಯ ತವರಿನವರು ‘ಗಪಟಮ್ಮಿನೋರು’ ಆದರು. ಅವರು ಬಂದಾಗ ಗಪಟಮ್ಮಿನೋರಿಗೆ ಎಲೆ ಹಾಕಮ್ಮಿ, ಹೋದಾಗ ಗಪಟಮ್ಮಿನೋರು ಹೋದ್ರಾ. ಬಿಂಡಿಗನವಿಲೆಯ ನೀರಿನ ಕಷ್ಟ ನೋಡಿದವರಿಗೇ ಗೊತ್ತು. ಬೋರ್‌ವೆಲ್ ಮುಂದೆ ಕೊಡಗಳ ಸಾಲು ನಿಂತಾಗ ಅಜ್ಜಿ ಸುಮ್ಮನೆ ಇರಬೇಕೋ ಬೇಡವೋ? ನಮ್ಮೂರಲ್ಲಿ ಮನೆ ಮೆಟ್ಟಿಲಿಗೇ ಹೊಳೆ, ಬೇಕಾದರೆ ಬಂದು ನೋಡ್ಕಳಿ ಅಂತ ನೀರಿಗೆ ಬಂದ ಹೆಂಗಸರನ್ನೆಲ್ಲ ಮನೆಗೆ ಕರೆತಂದು ಚಿತ್ರ ತೋರಿಸುತ್ತಿದ್ದಳು. ಅವರು ಪಾಪ, ಅಷ್ಟೊಂದು ನೀರು ನೋಡಿ ಬಾಯಿ ಬಿಡುತ್ತಿದ್ದರು. ಜಗಲಿಯಿಂದ ತಾತ, ಕುಡುದ್ ನೋಡ್ರವ್ವ, ಉಪ್ಪಿರ್ತದೆ ಅಂತ ಕೂಗುತ್ತಿದ್ದ.

ಇಷ್ಟೇ ಆಗಿದ್ದರೆ ಅದೊಂದು ಗಂಡ ಹೆಂಡಿರ ಜಗಳ ಅಂತ ಬಿಡಬಹುದಿತ್ತು. ಆದರೆ ಆ ಕಲ್ಲಿನ ಮೆಟ್ಟಿಲ ಮೇಲೆ ಬಗ್ಗಿ ನಿಂತ ಒಂದು ಹೆಂಗಸು ಇತ್ತು. ಹೆಂಗಸು ಅಂದರೆ ಏನು, ಎರಡು ಸಲ ಕುಂಚ ತಾಕಿಸಿದ ಗುರುತು. ಕೆಂಪು ಸೀರೆ, ಕರೀ ತಲೆ, ಮುಖವೇ ಇಲ್ಲ. ಅಜ್ಜಿ ಅವಳನ್ನು ‘ನಮ್ಮವ್ವ’ ಅನ್ನುತ್ತಿದ್ದಳು.

ಅವಳ ಅವ್ವ ಎರಡನೇ ಹೆರಿಗೆಯಾಗಿ, ಬಾಣಂತಿಯಾಗಿದ್ದಾಗಲೇ ಹೋಗಿಬಿಟ್ಟಿದ್ದಳು. ಆಗ ಅಜ್ಜಿಗೆ ಮಾತು ಕಲಿಯುವ ವಯಸ್ಸು. ಫೋಟೋ ಗೀಟೋ ಎಲ್ಲಿ ಬರಬೇಕು. ಮಗು ಅವ್ವ ಬೇಕು ಅಂತ ಬಾಯಿ ಬಡಕೊಂಡಾಗ ಮುತ್ತಾತ, ಉಳಿ ಕೊಡತಿ ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ, ಅವಳನ್ನು ಎತ್ತಿಕೊಂಡು ಆ ಚಿತ್ರದ ಮುಂದೆ ನಿಲ್ಲಿಸಿದನಂತೆ. ಅಗೋ ನಿಮ್ಮವ್ವ, ಹೊಳೇಲಿ ಬಟ್ಟೆ ಒಗೀತಾವ್ಳೆ, ಮುಗುದ್ ಮೇಲೆ ಬತ್ತಾಳೆ ಅಂದನಂತೆ. ಮಗು ಅಳು ನಿಲ್ಲಿಸಿ ಕಾಯುತ್ತ ಕೂತಿತಂತೆ. ಆಮೇಲೆ ಅವಳು ಬೆಳೆದಳು, ಮದುವೆಯಾದಳು, ಮಕ್ಕಳು ಮೊಮ್ಮಕ್ಕಳನ್ನು ಕಂಡಳು. ಹಬ್ಬದ ದಿನ ಹೋಳಿಗೆ ಎಡೆ ಇಟ್ಟರೆ ಮೊದಲ ತುತ್ತು ಆ ಚಿತ್ರಕ್ಕೇ ತೋರಿಸುತ್ತಿದ್ದಳು. ತಾತ ಬಿಡುತ್ತಿದ್ದನೇ? ನಿಮ್ಮವ್ವಂಗೆ ಇನ್ನೂ ಒಗ್ದು ಮುಗೀಲಿಲ್ವಾ, ಯಾರ ಮನೆ ಬಟ್ಟೆನಮ್ಮಿ ಅಷ್ಟೊಂದು, ಅಂತ ಕೇಳಿ ಹೋಳಿಗೆ ಮುರಿಯುತ್ತಿದ್ದ. ಚಿಕ್ಕವರಾದ ನಾವೂ ನಗುತ್ತಿದ್ದೆವು. ಅಜ್ಜಿ ಅವನ ಎಲೆಗೆ ತುಪ್ಪ ಹಾಕದೆ ಮುಂದೆ ಹೋಗುತ್ತಿದ್ದಳು.

ಚಿಕ್ಕಪ್ಪನ ತಲೆಗೆ ಮಾರಾಟದ ಹುಳ ಹೊಕ್ಕಿದ್ದು ಎದುರುಮನೆಗೆ ಕಲರ್ ಟಿವಿ ಬಂದಮೇಲೆ. ಅವನು ಆಚಾರಿ ಕಸುಬು ಬಿಟ್ಟು ಕಿರಂಗೂರಿನ ಹತ್ತಿರ ಮೈಸೂರು ರಸ್ತೆಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಟೂರಿಸ್ಟ್ ಬಸ್ಸುಗಳು ಅಲ್ಲಿ ನಿಲ್ಲುತ್ತಿದ್ದವು. ಬಿಳಿಯರು ನಮ್ಮ ಹಳೇ ಕಸ ಕೊಳ್ಳೋಕೆ ಹೆಂಗೆ ಸಾಯ್ತಾರೆ ಅಂತ ಅಲ್ಲೇ ಕೂತು ನೋಡಿದ್ದ. ಮೈಸೂರಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಅಲ್ಲೇ ಅವನಿಗೆ ಗಂಟು ಬಿದ್ದ. ಒಂದು ಶನಿವಾರ ನಾನು ಬಸ್ಸಿಳಿದು ಮನೆಗೆ ಬರುವ ಹೊತ್ತಿಗೆ, ಬಾಗಿಲಲ್ಲಿ ಮಾರುತಿ ವ್ಯಾನು, ಒಳಗೆ ಸಫಾರಿ ತೊಟ್ಟ ಆಸಾಮಿ, ಅವನ ಕಣ್ಣಿಗೆ ಅಂಟಿಕೊಂಡ ಭೂತಗನ್ನಡಿ. ಸಮುದ್ರ ಗೋಡೆಯಿಂದ ಇಳಿದು ನಡುಮನೆ ಮಂಚದ ಮೇಲೆ ಮಲಗಿತ್ತು.

ವ್ಯಾಪಾರಿ ಪೆದ್ದನಲ್ಲ. ಕಟ್ಟು ತಿರುಗಿಸಿ, ಹಿಂದಿನಿಂದ ಕಾಗದ ಮುಟ್ಟಿ, ಮೂಸಿ ನೋಡಿ, ಚಿತ್ರ ಹಳೇದೇ ಅಂದ. ಆಮೇಲೆ ವ್ಯವಹಾರಕ್ಕೆ ಇಳಿದ. ಬರೀ ಒಂದು ಸಮುದ್ರದ ಊರು ಅಂದರೆ ಇಂಥವು ಅವನ ಅಂಗಡಿಯಲ್ಲೇ ಧೂಳು ತಿನ್ನುತ್ತಿವೆಯಂತೆ, ಯಾರೂ ಮೂಸುವುದಿಲ್ಲವಂತೆ. ಅದೇ ಶ್ರೀರಂಗಪಟ್ಟಣ ಆದರೆ ಬಿಳಿಯರು ಕಣ್ಣಿಗೊತ್ತಿಕೊಂಡು ತಗೊಂಡು ಹೋಗುತ್ತಾರಂತೆ, ಅವರ ತಾತಂದಿರು ಅಲ್ಲಿ ಯುದ್ಧ ಮಾಡಿದವರಲ್ಲವೇ. ಅಂಥ ಬೆಲೆ ಬಂದರೆ ಟಿವಿ ಏನು, ಅದರ ಸ್ಟ್ಯಾಂಡೂ ಬರುತ್ತದೆ. ಹೆಸರಲ್ಲಿ ಗಪಟಂ ಇದೆ, ಒಳ್ಳೇದಾಯಿತು. ಹಡಗುಗಳನ್ನು ಏನು ಮಾಡೋದು ಸ್ವಾಮಿ ಅಂತ ನಾನು ಕೇಳಿದೆ. ಅವನು ನನ್ನನ್ನು ನೋಡಿ, ಮನೆಯವರು ಏನಂತಾರೋ ಅದೇ ಮೇಡಂ ಅಂದ. ನಮ್ಮವ್ವ ಅವುಗಳನ್ನು ಮರ ಅಂತಾಳೆ ಅಂದ ಚಿಕ್ಕಪ್ಪ. ಹಾಗಾದರೆ ಮರ ಅಂದ ವ್ಯಾಪಾರಿ.

ಅವನಿಗೆ ಬೇಕಾಗಿದ್ದದ್ದು ಒಂದೇ. ಅಲ್ಲಿ ಹುಟ್ಟಿ ಬೆಳೆದ ಮುದುಕಿ ತನ್ನ ಬಾಯಲ್ಲೇ ಇದು ನನ್ನೂರು, ಇದು ನನ್ನ ಮನೆ, ಇದು ನಮ್ಮ ಸ್ನಾನಘಟ್ಟ ಅಂತ ಹೇಳಬೇಕು. ಅವನು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಚಿತ್ರದ ಬೆನ್ನಿಗೆ ಅಂಟಿಸುತ್ತಾನೆ. ಮೆಟ್ಟಿಲ ಮೇಲಿರೋದು ನಮ್ಮವ್ವನ ಅವ್ವ ಅಂತ ಚಿಕ್ಕಪ್ಪ ಬಾಯಿಬಿಟ್ಟಾಗ ಆಸಾಮಿಗೆ ಲಾಟರಿ ಹೊಡೆದಂತಾಯಿತು. ಇಸವಿಗೂ ಅವಳ ಅವ್ವನಿಗೂ ತಾಳಮೇಳ ಇಲ್ಲ, ಚಿತ್ರ ಬರೆದಾಗ ಆ ಅವ್ವನ ಅಜ್ಜಿಯೂ ಹುಟ್ಟಿರಲಿಲ್ಲವೇನೋ. ಇಸವಿ ಗೆದ್ದಲು ತಿಂದಂಗಿದೆ ಅಂದ ವ್ಯಾಪಾರಿ, ಇನ್ನೂ ತಿನ್ನದ ಇಸವಿಯನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡು. ಮುಂದಿನ ಭಾನುವಾರ ಬರುತ್ತೇನೆ, ಅಜ್ಜಿ ಸಮಾಧಾನವಾಗಿ ಎಲ್ಲ ನೆನಪು ಮಾಡಿಕೊಳ್ಳಲಿ ಅಂತ ಹೇಳಿ ಹೋದ.

ಅಷ್ಟು ವರ್ಷ ಅಜ್ಜಿ ಯಾವ ಮಾತು ಹೇಳಿ ಎಲ್ಲರ ನಗೆಗೆ ಗುರಿಯಾಗಿದ್ದಳೋ ಆ ಮಾತು ಈಗ ಎಲ್ಲರಿಗೂ ಬೇಕಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಪ್ಪನಿಗೆ ವಿಜಗಪಟಂ, ನೆಗಪಟಂ ಎರಡನ್ನೂ ಬಿಡಿಸಿ ಹೇಳಿದೆ. ನೀನು ಓದಿದ್ದು ನಿನ್ನ ಇಸ್ಕೂಲಿಗೆ ಇಟ್ಕೋ ಅಂದ. ತಾತನ ಬಾಯಿ ಮುಚ್ಚಿಸೋದು ಅವನಿಗೆ ಇನ್ನೂ ದೊಡ್ಡ ತಲೆನೋವಾಗಿತ್ತು. ಭಾನುವಾರ ಒಂದು ದಿವಸ ಹಡಗು, ಉಪ್ಪು ಅಂತ ಏನೂ ತೆಗೀಬೇಡ ಅಪ್ಪಾ ಅಂತ ಬೀಡಿ ಕಟ್ಟು ತಂದುಕೊಟ್ಟು ಕಾಲು ಹಿಡಿದ. ತಾತ ಬೀಡಿ ತಗೊಂಡ, ಮಾತು ಕೊಡಲಿಲ್ಲ. ಸುಳ್ಳು ಹೇಳಿ ಮಾರಕ್ಕೆ ನಾನೇನು ದನದ ದಳ್ಳಾಳಿಯಾ ಅಂದ. ಆದರೆ ಚಿತ್ರ ಹೋಗೋದಕ್ಕೆ ಅವನ ಅಡ್ಡಿಯೇನೂ ಇರಲಿಲ್ಲ. ತೊಲಗ್ಲಿ ಬುಡು, ಗೋಡೆಗೊಂದು ಸುಣ್ಣ ಹೊಡೀಬೌದು ಅಂತಲೂ ಅಂದ. ಅದನ್ನು ಅಜ್ಜಿ ಕೇಳಿಸಿಕೊಂಡಳು.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು, ನಮ್ಮಜ್ಜಿ ಸುಮ್ಮನಿರುವ ಜಾತಿಯಲ್ಲ. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಪಕ್ಕದಲ್ಲಿ ಕುಕ್ಕರಿಸಿ ಕೇಳಿಯೇಬಿಟ್ಟೆ. ಆ ಊರು ಪಟ್ಣ ಅಲ್ಲ, ಅದು ಸಮುದ್ರ, ನಿನಗೂ ಗೊತ್ತಿದೆಯೋ ಇಲ್ಲವೋ ಅಂತ. ಟೀಚರ್ ಆದಮೇಲೆ ನನಗೆ ಈ ರೋಗ ಬಂದಿತ್ತು, ಎಲ್ಲರಿಗೂ ಸರಿಯುತ್ತರ ಹೇಳಿಕೊಡೋದು.

ಅಜ್ಜಿ ಕಾಯಿ ಸುಲಿಯೋದು ನಿಲ್ಲಿಸಲಿಲ್ಲ. “ನಮ್ಮಪ್ಪ ಸುಳ್ಳು ಹೇಳ್ದ ಅಂತ ದೊಡ್ಡೋಳಾದಾಗ್ಲೇ ಗೊತ್ತಾಯ್ತು ಕಣಮ್ಮಿ” ಅಂದಳು. “ನಂಗೇನು ಬುದ್ಧಿ ಇಲ್ವಾ? ಆದ್ರೆ ಅಷ್ಟು ವರ್ಷ ಅವ್ವ ಅಂತ ಕರ್ದು ಬುಟ್ಟಿದ್ದೀನಿ. ಈಗ ಇನ್ಯಾರನ್ನ ಕರೀಲಿ?”

ನಾನೂ ಅವರೆಕಾಯಿ ಸುಲಿದೆ. ಅವಳಿಗೆ ಊರು ಬೇಕಾಗಿರಲಿಲ್ಲ, ಹೊಳೆ ಬೇಕಾಗಿರಲಿಲ್ಲ, ಮೇಷ್ಟ್ರ ತೀರ್ಪೂ ಬೇಕಾಗಿರಲಿಲ್ಲ. ಹೆಂಗಸು ಅವ್ವ ಆಗಬೇಕಾದರೆ ಮೆಟ್ಟಿಲು ಪಟ್ಣದ್ದಾಗಬೇಕು, ಅಷ್ಟಕ್ಕೇ ಅವಳು ಕಾವೇರಿಗೆ ಆಚೆ ದಡ ಇಲ್ಲದಂತೆ ಮಾಡಿದ್ದು, ಶಿಲುಬೆಯನ್ನು ಕಾಗೆ ಮಾಡಿದ್ದು. ನನಗೆ ಅವಳ ಮೇಲೆ ಇದ್ದಕ್ಕಿದ್ದಂತೆ ವಿಪರೀತ ಪ್ರೀತಿ ಬಂತು. ಅದನ್ನು ಹೇಳಲು ಹೋದರೆ ಬೈಸಿಕೊಳ್ಳುತ್ತೇನೆ ಅಂತ ಇನ್ನೊಂದು ಹಿಡಿ ಕಾಯಿ ಎತ್ತಿಕೊಂಡೆ.

ಭಾನುವಾರ ವ್ಯಾಪಾರಿ ಬಂದ. ಈ ಸಲ ಸುತ್ತಿಕೊಂಡು ಹೋಗಲು ಹಳೇ ಕಂಬಳಿಯನ್ನೂ ತಂದಿದ್ದ. ಚಿಕ್ಕಪ್ಪ ಇಸ್ತ್ರಿ ಮಾಡಿದ ಷರ್ಟು ಹಾಕಿ, ಅಜ್ಜಿಗೆ ಹೊಸ ಸೀರೆ ಉಡಿಸಿ, ಮಂಚದ ಪಕ್ಕ ಕೂರಿಸಿದ. ಮದುವೆಗೆ ಹೆಣ್ಣು ನೋಡೋಕೆ ಬಂದಂಗಿತ್ತು ನೋಟ. ತಾತ ಜಗಲಿಯಲ್ಲಿ ಬಾಗಿಲ ಚೌಕಟ್ಟಿನ ತೋಳನ್ನು ಬಾಚಿಯಲ್ಲಿ ಕೆತ್ತುತ್ತ, ಒಳಕ್ಕೆ ಕಿವಿ ಕೊಟ್ಟು ಕೂತಿದ್ದ. ವ್ಯಾಪಾರಿ ತೊಡೆ ಮೇಲೆ ಹಾಳೆ ಇಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದ. ಹೇಳಿ ಅಜ್ಜಿ, ಇದು ನೀವು ಹುಟ್ಟಿದ ಊರು, ಅಲ್ಲವೇ ಅಂತ ಉತ್ತರವನ್ನೂ ಪ್ರಶ್ನೆಯಲ್ಲೇ ಇಟ್ಟುಕೊಟ್ಟ.

“ಅಲ್ಲ” ಅಂದಳು ಅಜ್ಜಿ.

ಜಗಲಿಯಲ್ಲಿ ಬಾಚಿಯ ಸದ್ದು ನಿಂತಿತು. ಚಿಕ್ಕಪ್ಪ ಹಲ್ಲುಗಿಂಜಿ, ವಯಸ್ಸಾಗಿದೆ, ಕಿವಿ ಮಂದ ಅಂದ. ಅವಳ ಕಿವಿ ಎಷ್ಟು ಚುರುಕು ಅಂತ ಆ ಬೀದಿಗೆಲ್ಲ ಗೊತ್ತು. ವ್ಯಾಪಾರಿ ಇನ್ನೊಮ್ಮೆ ನಿಧಾನಕ್ಕೆ ಕೇಳಿದ, ಈ ಗುಡ್ಡ ಕರಿಘಟ್ಟ ತಾನೇ ಅಂತ. ಅಲ್ಲ, ಕರಿಘಟ್ಟ ಹಂಗಿಲ್ಲ ಅಂದಳು. ಇದು ರಂಗನಾಥಸ್ವಾಮಿ ಗೋಪುರ? ಕಿರಸ್ತಾನರ ಗುಡಿ, ತುದೀಲಿ ಶಿಲುಬೆ ಕಾಣ್ತಾ ಇಲ್ವಾ ನಿಮಗೆ ಅಂತ ಗದರಿಸಿದಳು. ಮರಗಳು? ಹಡಗು. ಹೊಳೆ? ಸಮುದ್ರ. ಅಷ್ಟು ವರ್ಷದ ತಾತನ ವಾದವನ್ನು ಒಂದಕ್ಷರ ಬಿಡದೆ ಒಪ್ಪಿಸಿಬಿಟ್ಟಳು. ವ್ಯಾಪಾರಿ ಪೆನ್ನಿಗೆ ಮುಚ್ಚಳ ಹಾಕಿದ. ಸಮುದ್ರದ ಊರುಗಳು ಅವನ ಅಂಗಡಿಯಲ್ಲಿ ಬೇಕಾದಷ್ಟು ಧೂಳು ತಿನ್ನುತ್ತಿದ್ದವಲ್ಲ.

ಆಹಾ ಮುದುಕಿ ಅಂತ ನಾನು ಒಳಗೊಳಗೇ ಕುಣಿದೆ. ಚಿತ್ರ ಉಳಿಸಿಕೊಳ್ಳಲು ಅವಳಿಗೆ ಅದೊಂದೇ ದಾರಿ ಇತ್ತು, ಅದನ್ನು ಅವಳೇ ಹುಡುಕಿದ್ದಳು. ಆದರೆ ಚಿಕ್ಕಪ್ಪ ಸೋಲುವವನೇ? ಕಲರ್ ಟಿವಿ ಕಣ್ಣೆದುರೇ ಆರಿಹೋಗುತ್ತಿತ್ತು. ಅವನು ಅವಳ ಮುಂದೆ ಮಂಡಿಯೂರಿ, ಚಿತ್ರ ಎತ್ತಿ ಮುಖದ ಹತ್ತಿರ ಹಿಡಿದು, ಆ ಮೆಟ್ಟಿಲ ಮೇಲೆ ಬೆರಳಿಟ್ಟ.

“ಇವ್ಳು? ಇವ್ಳು ನಿಮ್ಮವ್ವ ಅಲ್ವೇನವ್ವ? ಇವ್ಳನ್ನೂ ಅಲ್ಲ ಅಂತೀಯಾ?”

ಅಜ್ಜಿ ಚಿತ್ರ ನೋಡಲಿಲ್ಲ. ಮಗನ ತಲೆ ಮೇಲಿಂದ ಖಾಲಿ ಗೋಡೆಯನ್ನು ನೋಡುತ್ತಿದ್ದಳು.

“ಯಾವಳೋ” ಅಂದಳು. “ಮೀನು ಮಾರೋಳಿರ್ಬೇಕು.”

ನನ್ನ ಕುಣಿತ ಅಲ್ಲೇ ನಿಂತುಹೋಯಿತು. ಆ ಮಾತು ಹೇಳಿದಾಗ ಅವಳ ಮುಖ ನೋಡಲಾಗಲಿಲ್ಲ. ತಾತ ನಗುತ್ತಾನೆ, ಈಗ ಖಂಡಿತ ನಗುತ್ತಾನೆ, ನಕ್ಕರೆ ಅವನ ಬಾಚಿ ಕಿತ್ತು ಬಾವಿಗೆ ಎಸೆಯುತ್ತೇನೆ ಅಂತ ನಾನು ಹಲ್ಲು ಕಚ್ಚಿ ನಿಂತೆ. ಗೆದ್ದವನು ಅವನೇ ಅಲ್ಲವೇ. ಅವನ ಹಡಗು, ಅವನ ಉಪ್ಪುನೀರು, ಎಲ್ಲ ಅವಳ ಬಾಯಿಂದಲೇ ಬಂದಿತ್ತು.

ತಾತ ತೊಡೆ ಮೇಲಿನ ಚಕ್ಕೆ ಕೊಡವಿಕೊಂಡು ಎದ್ದು ಒಳಗೆ ಬಂದ. ಅಜ್ಜಿಯನ್ನು ನೋಡಿದ. ಚಿಕ್ಕಪ್ಪನ ಕೈಯಿಂದ ಚಿತ್ರ ಕಿತ್ತುಕೊಂಡು, ಪಂಚೆಯ ಅಂಚಿನಲ್ಲಿ ಗಾಜು ಒರೆಸಿದ.

“ಇದು ಪಟ್ಣಾನೇ” ಅಂದ.

ವ್ಯಾಪಾರಿ ತಟಕ್ಕನೆ ಪೆನ್ನು ತೆಗೆದ. ಚಿಕ್ಕಪ್ಪನ ಮುಖ ಅರಳಿತು. ಅಜ್ಜಿ ಮಾತ್ರ ಬೆಚ್ಚಿಬಿದ್ದು, ಇಷ್ಟು ದಿನ ಇಲ್ಲದ್ದು ಇವತ್ತು ದುಡ್ಡಿಗೆ ಬಾಯಿ ಬಿಟ್ರಾ ಅಂತ ಗಂಡನ ಮೇಲೆ ಹಾಯ್ದಳು. ಎಲ್ಲ ಕೆಡಿಸಿದನಲ್ಲ ಈ ಮುದುಕ ಅಂತ ನಾನೂ ಶಪಿಸಿದೆ. ತಾತ ವ್ಯಾಪಾರಿಯ ಕಡೆ ತಿರುಗಿದ.

“ಬರ್ಕಳ್ರಿ ಸ್ವಾಮಿ, ಇದು ಪಟ್ಣ. ಇಲ್ಲಿ ಬಟ್ಟೆ ಒಗೀತಾ ಇರೋರು ನಮ್ಮತ್ತೆ. ಕಟ್ಕಂಡೋಳ ಅವ್ವನ್ನ ಮಾರೋ ಅಷ್ಟು ಕೆಟ್ಟಿಲ್ಲ ನಾವು. ಕಾಫಿ ಕುಡ್ಕೊಂಡು ಹೊಲ್ಡಿ.”

ವ್ಯಾಪಾರಿ ಕಾಫಿಗೆ ನಿಲ್ಲಲಿಲ್ಲ. ಕಂಬಳಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದ. ಚಿಕ್ಕಪ್ಪ ಅವನ ಹಿಂದೆಯೇ ವ್ಯಾನಿನವರೆಗೂ ಏನೇನೋ ಗೋಗರೆಯುತ್ತ ಓಡಿದ. ತಾತ ಮೊಳೆಗೆ ಚಿತ್ರ ಸಿಕ್ಕಿಸಿ, ಆಚಾರಿಯಲ್ಲವೇ, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೆಟ್ಟಗಿದೆಯೇ ಅಂತ ನೋಡಿ, ಸರಿಪಡಿಸಿ, ಏನೂ ಆಗದವನಂತೆ ಜಗಲಿಗೆ ಹೋಗಿ ಬಾಚಿ ಹಿಡಿದ.

ಅಜ್ಜಿ ಕೂತಲ್ಲೇ ಹೊಸ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನಾನು ಹತ್ತಿರ ಹೋದರೆ ಸುಮ್ಮನಿರು ಅಂತ ಕೈ ಬೀಸಿದಳು. ಆಮೇಲೆ ಎದ್ದು, ಮೂಗು ಸೀಟಿಕೊಂಡು, ಚಿತ್ರದ ಮುಂದೆ ಹೋಗಿ ನಿಂತಳು. ಜಗಲಿಯವರೆಗೂ ಕೇಳುವ ಹಾಗೆ ದನಿ ಎತ್ತಿದಳು.

“ಕೇಳುಸ್ಕಂಡ್ಯೇನವ್ವ? ನಿನ್ನಳಿಯ ಇವತ್ತು ಬಾಯ್ತುಂಬ ಅತ್ತೆ ಅಂದ್ರು.”